ದೊಡ್ಡ ಫೋನಿನ ಗುಡ್ಡಪ್ಪ

ಜಗಳೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಾಲಮ್ಮನ ಫೋಟೋ ಸ್ಟುಡಿಯೋ. ಹಾಲಮ್ಮನಿಗೆ ಒಬ್ಬನೇ ಮಗ, ಹೆಸರು ಗುಡ್ಡಪ್ಪ. ಮೈ ಬೆಳೆದಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹಾಗಂತ ಅವನು ಮಾತು ಕೇಳದ ಮಗ ಅಂದುಕೊಳ್ಳಬೇಡಿ. ಕೇಳುತ್ತಿದ್ದ, ಅದೇ ಹಾಲಮ್ಮನ ಸಂಕಟ! ಹೇಳಿದ ಮಾತನ್ನು ಅವನಷ್ಟು ಚಾಚೂ ತಪ್ಪದೆ ಕೇಳುವವರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಹಾಲು ಉಕ್ಕುವ ತನಕ ನೋಡ್ತಿರು ಅಂದರೆ ಉಕ್ಕುವ ತನಕ ನೋಡುತ್ತಿದ್ದ. ಆಮೇಲೆ ಉಕ್ಕುವುದನ್ನೂ ನೋಡುತ್ತಿದ್ದ.

ಇಂಥ ಮಗನನ್ನು ಕಟ್ಟಿಕೊಂಡ ಹಾಲಮ್ಮನಿಗೆ ಕಣ್ಣಿನಲ್ಲಿ ಪೊರೆ ಬಂತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಬಸ್ಸಿನ ಬೋರ್ಡು ಕಾಣದಾಯಿತು, ಕೊನೆಗೆ ಎದುರಿಗೆ ಕೂತವರ ಮುಖವೇ ಮಂಜು ಮಂಜು. ದಾವಣಗೆರೆಯ ಕಣ್ಣಿನ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿ, "ಪೊರೆ ಬಲಿತುಬಿಟ್ಟಿದೆ ತಾಯಿ. ಈ ಸಲವೂ ತಪ್ಪಿಸಿಕೊಂಡರೆ ನನ್ನ ಕೈಲಿ ಇರಲ್ಲ. ಆಪರೇಷನ್ ಆದ ಮೇಲೆ ಒಂದಷ್ಟು ದಿನ ಫೋನು, ಕಂಪ್ಯೂಟರು ಯಾವುದನ್ನೂ ನೋಡೋ ಹಾಗಿಲ್ಲ" ಎಂದು ಗದರಿ ಕಳಿಸಿದ್ದರು.

ನೋಡದೆ ಇರೋಕೇನು, ಇರಬಹುದು. ಆದರೆ ಸ್ಟುಡಿಯೋ ನೋಡಿಕೊಳ್ಳುವವರು ಯಾರು? ಗುಡ್ಡಪ್ಪ! ಹಾಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೋದರೆ ಅಂಗಡಿ ಹಾಳು, ಹೋಗದಿದ್ದರೆ ಕಣ್ಣು ಹಾಳು. ಕೊನೆಗೆ ಒಂದು ತೀರ್ಮಾನ ಮಾಡಿಕೊಂಡಳು. ಇವನು ಒಂದೇ ಒಂದು ಫೋಟೋ ಸರಿಯಾಗಿ ಮಾಡಿಕೊಟ್ಟರೆ ಆಪರೇಷನ್ನಿಗೆ ಹೋಗುವುದು. ಇಲ್ಲವಾದರೆ ದೇವರು ಇಟ್ಟ ಹಾಗೆ ಇರುವುದು.

ಫೋಟೋ ತೆಗೆಯುವುದೇನೋ ಅವನಿಗೆ ಬರುತ್ತಿತ್ತು. ಕಷ್ಟ ಇದ್ದದ್ದು ತೆಗೆದ ಮೇಲಿನ ಕೆಲಸದಲ್ಲಿ. ಮುಖ ಬೆಳ್ಳಗೆ ಮಾಡುವುದು, ಹಿಂದಿನ ಗೋಡೆ ಅಳಿಸುವುದು, ಬನಿಯನ್ನಿನಲ್ಲಿ ಬಂದವರಿಗೆ ಕೋಟು ತೊಡಿಸುವುದು, ಇದನ್ನೆಲ್ಲ ಹಾಲಮ್ಮ ಫೋನಿನ ಒಂದು ಆ್ಯಪಿನಲ್ಲಿ ಬೆರಳ ತುದಿಯಿಂದ ಮಾಡಿ ಮುಗಿಸುತ್ತಿದ್ದಳು. ಈಗ ಫೋನಿನಲ್ಲಿ ಮುಖಗಳು ಎಳ್ಳುಕಾಳಿನಷ್ಟೂ ಕಾಣವು. ಮಗನಾದರೂ ದೊಡ್ಡ ಪರದೆಯಲ್ಲಿ ಮಾಡಲಿ ಎಂದು ಕಂಪ್ಯೂಟರ್ ರಿಪೇರಿಯ ಪರಸಣ್ಣನನ್ನು ಕರೆಸಿ, ಅದೇ ಆ್ಯಪನ್ನು ಸ್ಟುಡಿಯೋದ ಹಳೇ ಕಂಪ್ಯೂಟರಿಗೆ ಹಾಕಿಸಿದಳು.

ಪರಸಣ್ಣ ಗುಡ್ಡಪ್ಪನಿಗೆ ಹೇಳಿದ, "ನೋಡು ತಮ್ಮ, ಈ ಕಂಪ್ಯೂಟರಿನೊಳಗೆ ಒಂದು ಫೋನು ಕೂರಿಸೀನಿ. ಹೆದರಬ್ಯಾಡ. ಇದನ್ನ ಒಂದು ದೊಡ್ಡ ಫೋನು ಅಂತ್ಲೇ ತಿಳ್ಕೊ. ಫೋನಿನಾಗೆ ಏನೇನ್ ಮಾಡ್ತಿದ್ಯೋ ಎಲ್ಲಾ ಇದರಾಗೆ ಮಾಡು!"

"ಆಗ್ಲಣ್ಣ, ಹಂಗೇ ಮಾಡ್ತೀನಿ!" ಅಂದ ಗುಡ್ಡಪ್ಪ.

ಪರಸಣ್ಣ ಆ ಕಡೆ ಹೋದ, ಈ ಕಡೆ ಪೋಸ್ಟ್‌ಮ್ಯಾನ್ ನಾಗಭೂಷಣ ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದು ಸ್ಟೂಲಿನ ಮೇಲೆ ಕೂತ. ಹಾಲಮ್ಮ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಕಿವಿ ನಿಮಿರಿಸಿದಳು. ಕಣ್ಣಿಗೆ ಕಾಣದಿದ್ದರೇನು, ಕಿವಿಗೆ ಕೇಳುತ್ತಿತ್ತಲ್ಲ.

ಮೊದಲು ದರದರ ಎಳೆದ ಸದ್ದು. ಆಮೇಲೆ ವೈರು ಕಿತ್ತ ಸದ್ದು. ಆಮೇಲೆ ಪೋಸ್ಟ್‌ಮ್ಯಾನ್, "ಅಯ್ಯಯ್ಯೋ, ತಲೆ ಮ್ಯಾಲೆ ಹಾಕ್ತೀಯೇನೋ ಮಾರಾಯ!"

"ಏನಲೇ ಅದು?" ಅಂದಳು ಹಾಲಮ್ಮ.

"ಫೋಟೋ ಹೊಡೀತಿದೀನವ್ವ! ದೊಡ್ಡ ಫೋನು, ಭಾರ ಐತೆ!"

ಆ ಪುಣ್ಯಾತ್ಮ ಮಾನಿಟರನ್ನು ಎರಡೂ ಕೈಲಿ ಎದೆಯ ಮಟ್ಟಕ್ಕೆ ಎತ್ತಿ ಪೋಸ್ಟ್‌ಮ್ಯಾನಿನ ಮುಖಕ್ಕೆ ಹಿಡಿದು, "ಇಲ್ಲಿ ನೋಡ್ರಿ, ನಗ್ರಿ" ಅನ್ನುತ್ತಿದ್ದ! ಉದ್ದ ಫೋಟೋ ಬೇಕೆಂದು ಅದನ್ನು ನೆಟ್ಟಗೆ ತಿರುಗಿಸಿ ಮೇಜಿಗೆ ಆನಿಸಿದ. ಮುಖ ದೊಡ್ಡದಾಗಲಿ ಎಂದು ಗಾಜಿನ ಮೇಲೆ ಹತ್ತೂ ಬೆರಳಿಟ್ಟು ರೊಟ್ಟಿ ತಟ್ಟಿದಂತೆ ಅಗಲಿಸಿದ. ಮುಖ ದೊಡ್ಡದಾಗಲಿಲ್ಲ, ಪೋಸ್ಟ್‌ಮ್ಯಾನ್ ಎದ್ದು ಹೋದ.

ಹಾಲಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ಅದನ್ನ ಯಾರಾದ್ರೂ ಎತ್ತುತಾರೇನಲೇ? ಪರದೆ ಮುಟ್ಟಬ್ಯಾಡ! ಅಲ್ಲಿ ಮೌಸ್ ಐತಲ್ಲ, ಬಲಗೈ ಅದರ ಮ್ಯಾಲಿಡು. ಬ್ರಹ್ಮ ಬಂದ್ರೂ ಅದರ ಮ್ಯಾಲಿಂದ ಕೈ ತೆಗೀಬ್ಯಾಡ!"

"ಆಗ್ಲವ್ವ, ಇನ್ ಮ್ಯಾಲೆ ಹಂಗೇ ಮಾಡ್ತೀನಿ!"

ವೈರು ಸಿಕ್ಕಿಸಿ, ಬಲಗೈ ಮೌಸಿನ ಮೇಲಿಟ್ಟು ಕೂತ. ಕೂತವನು ಕೂತೇ ಇದ್ದ. ನೊಣ ಮೂಗಿನ ಮೇಲೆ ಕೂತರೂ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಬ್ರಹ್ಮ ಬರಲಿಲ್ಲ, ಪಟೇಲರ ಮನೆಯ ಕರಿಬಸಪ್ಪನವರು ಬಂದರು. ಆಷಾಢ ಮುಗಿದ ಕೂಡಲೇ ಅವರ ಮಗಳ ಮದುವೆ. ಫೋಟೋದ ಕೆಲಸ ಹಾಲಮ್ಮನ ಸ್ಟುಡಿಯೋಗೇ ಎಂದು ಒಪ್ಪಿಸಲು, ಕ್ರಮದ ಪ್ರಕಾರ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ತಾವೇ ಬಂದಿದ್ದರು.

"ತಗೊಳಪ್ಪ ಗುಡ್ಡಪ್ಪ, ವೀಳ್ಯ ಹಿಡಿ" ಅಂದರು.

ಗುಡ್ಡಪ್ಪ ಎಡಗೈ ಚಾಚಿದ.

ಕರಿಬಸಪ್ಪನವರು ಎಡಗೈ ನೋಡಿದರು, ಅವನ ಮುಖ ನೋಡಿದರು. "ಬಲಗೈಗೆ ಏನಾಗೈತೋ?"

"ಏನೂ ಆಗಿಲ್ರಿ. ಅದು ಮೌಸಿನ ಮ್ಯಾಲೈತೆ. ಬ್ರಹ್ಮ ಬಂದ್ರೂ ತೆಗಿಯಂಗಿಲ್ಲ, ನೀವೇನ್ ಮಹಾ!"

ಎಡಗೈಲಿ ವೀಳ್ಯ! ಶುಭಕಾರ್ಯದ ವೀಳ್ಯ! ಕರಿಬಸಪ್ಪನವರು ತಟ್ಟೆಯನ್ನು ಹೆಗಲ ಮೇಲಿನ ಟವಲ್ಲಿನಿಂದ ಮುಚ್ಚಿದರು, "ಹಾಲಮ್ಮ, ನಿನ್ನ ಮರ್ಯಾದೆಗೆ ಸುಮ್ನೆ ಹೋಗ್ತೀನಿ" ಅಂದರು, ನೇರ ಎದುರಿನ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಅವರ ಜೋಡಿನ ಸದ್ದು ಯಾವ ಕಡೆ ಹೋಯಿತು ಅನ್ನುವುದು ಹಾಲಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಬೆಂಚಿನಿಂದ ಎದ್ದಳು, ಬಾಗಿಲಿಗೆ ಹೋದಳು, ತಿರುಗಿ ಬಂದು ಕೂತಳು, ಮತ್ತೆ ಎದ್ದಳು.

"ಮನೆಹಾಳ! ದೊಡ್ಡೋರ ಮುಖ ಕಂಡ್ರೆ ಏನ್ ಮಾಡ್ಬೇಕಲೇ? ಎದ್ದು ನಿಲ್ಲಬೇಕು! ಎರಡೂ ಕೈ ಜೋಡಿಸ್ಬೇಕು! ಅವರಾಗೇ ಕುಂತ್ಕೋ ಅನ್ನೋ ತನಕ ಕುಂದ್ರಬಾರ್ದು!"

"ಆಗ್ಲವ್ವ, ಇನ್ ಮ್ಯಾಲೆ ಹಂಗೇ ಮಾಡ್ತೀನಿ!"

ಅದೇ ಹೊತ್ತಿಗೆ ರಿಟೈರ್ ಆದ ಮುಕುಂದ ಮೇಷ್ಟ್ರ ಸೊಸೆ ಬಂದಳು. ಮೇಷ್ಟ್ರಿಗೆ ಮನೆ ಬಿಟ್ಟು ಬರಲಾಗದು, ಅವರ ಫೋಟೋ ಅವಳ ಫೋನಿನಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿಸಿ, "ಹಿಂದಿನ ಗೋಡೆ ತೆಗೆದು ಬೆಳ್ಳಗೆ ಮಾಡಿ ಕೊಡಪ್ಪ, ಬಸ್ಸಿಗೆ ಹೊತ್ತಾಗ್ತೈತೆ" ಅಂದು ಕೂತಳು.

ಪರದೆಯ ತುಂಬ ಮೇಷ್ಟ್ರ ಮುಖ ಬಂತು. ಕುರ್ಚಿ ಹಿಂದೆ ಸರಿದ ಸದ್ದು ಹಾಲಮ್ಮನಿಗೆ ಕೇಳಿಸಿತು. ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಓಹೋ, ಮನಸ್ಸಿಟ್ಟು ಮಾಡ್ತಿದಾನೆ ಅಂದುಕೊಂಡಳು. ಸ್ಟ್ಯಾಂಡಿನಲ್ಲಿ ಬಸ್ಸು ಹಾರನ್ ಹೊಡೆಯಿತು, ಹೊರಟೂ ಹೋಯಿತು. ಇನ್ನೂ ಸದ್ದಿಲ್ಲ.

"ಏನಾಯ್ತಲೇ?"

"ನಿಂತಿದೀನವ್ವ!"

"ಯಾಕೆ ನಿಂತೀಯ?"

"ಮೇಷ್ಟ್ರು ಕುಂತ್ಕೋ ಅಂತ ಅಂತಾನೇ ಇಲ್ಲ!"

ಕಂಪ್ಯೂಟರಿನ ಮುಂದೆ ಕೈ ಜೋಡಿಸಿಕೊಂಡು ಕಂಬದ ಹಾಗೆ ನಿಂತಿದ್ದ. ಮೇಷ್ಟ್ರ ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ಸು ತಪ್ಪಿದ್ದು ನೆನಪಾಗಿ ಬೈಯುವುದೇ ಸರಿ ಅನ್ನಿಸಿತು, ಬೈದಳು, ಹೋದಳು.

ಹಾಲಮ್ಮ ಎದ್ದು ಮಗನ ಕಡೆ ತಿರುಗಿದಳು. ಡಾಕ್ಟರು ಹೇಳಿದ ದಿನ ಹತ್ತಿರ ಬರುತ್ತಿದೆ, ಒಂದು ಫೋಟೋವೂ ಹೊರಗೆ ಹೋಗಲಿಲ್ಲ! "ಅಯ್ಯೋ ಹುಚ್ಚಪ್ಪ, ಫೋಟೋದಾಗಿರೋರಿಗೆ ಯಾಕಲೇ ನಮಸ್ಕಾರ? ಫೋಟೋ ಬಂತು ಅಂದ್ರೆ ಮುಖದ ಮ್ಯಾಲೆ ಚುಕ್ಕೆ ಐತಾ ನೋಡು. ಆ ಆ್ಯಪಿನಾಗೆ ಒರೆಸೋದು ಐತಲ್ಲ, ಅದನ್ನ ಒತ್ತು. ಒಂದ್ ಚುಕ್ಕೆ ಇರಂಗಿಲ್ಲ! ಬೆಳಗಿದ ತಂಬಿಗೆ ಇದ್ದಂಗೆ ಇರ್ಬೇಕು!"

"ಆಗ್ಲವ್ವ, ಇನ್ ಮ್ಯಾಲೆ ಹಂಗೇ ಮಾಡ್ತೀನಿ!"

ಮಾಡಿದ. ಹಿಟ್ಟಿನ ಗಿರಣಿಯ ಸಾವಂತ್ರಕ್ಕನ ಮಗನಿಗೆ ಹೊಸದಾಗಿ ಮದುವೆಯಾಗಿತ್ತು. ಸೊಸೆ ಆಷಾಢಕ್ಕೆ ತವರಿಗೆ ಹೋಗುವ ಮೊದಲು ಗಂಡ ಹೆಂಡತಿ ಬಂದು ಸ್ಟುಡಿಯೋದಲ್ಲಿ ಜೋಡಿ ಫೋಟೋ ತೆಗೆಸಿದ್ದರು. ಕಟ್ಟು ಹಾಕಿಸಿ ಗೋಡೆಗೆ ಹಾಕುವ ಫೋಟೋ. ಗುಡ್ಡಪ್ಪ ಅದನ್ನು ತೆರೆದ. ಟಿಕ್. ಟಿಕ್. ಟಿಕ್. ಮಧ್ಯಾಹ್ನವೆಲ್ಲ ಮೌಸಿನ ಸದ್ದು. ಹಾಲಮ್ಮನಿಗೆ ಅಂದು ಮೊದಲ ಸಲ ಜೀವಕ್ಕೆ ತುಸು ನೆಮ್ಮದಿಯಾಯಿತು.

"ಮುಗೀತೇನಪ್ಪ?"

"ಇನ್ನೂ ಬಾಳ ಚುಕ್ಕೆ ಐತವ್ವ!"

"ಒರೆಸು ನನ್ನಪ್ಪ, ಒರೆಸು! ಒಂದೂ ಬಿಡಬ್ಯಾಡ!"

ಸಂಜೆಗೆ ಸಾವಂತ್ರಕ್ಕ ಬಂದಳು. ಕಟ್ಟು ಹಾಕಿದ ಫೋಟೋ ಕೈಗೆ ತಗೊಂಡಳು. ಆಮೇಲೆ ಅವಳು ಕೂಗಿದ ಕೂಗಿಗೆ ಬಸ್ ಸ್ಟ್ಯಾಂಡಿನ ಜನ ಓಣಿಗೆ ಓಡಿ ಬಂದರು.

"ಕುಂಕುಮ ಎಲ್ಲೋ? ನನ್ನ ಸೊಸೆ ಹಣೆ ಮ್ಯಾಲಿನ ಕುಂಕುಮ ಎಲ್ಲೋ?"

"ಚುಕ್ಕೆ ಇತ್ತಲ್ಲ, ಒರೆಸ್ದೆ."

"ಮೂಗುಬೊಟ್ಟು?"

"ಅದೂ ಚುಕ್ಕೇನೇ."

"ತಾಳಿ? ಕರಿಮಣಿ?"

"ಅದರಾಗೆ ಬಾಳ ಚುಕ್ಕೆ ಇದ್ವು ದೊಡ್ಡಮ್ಮ. ಒಂದೊಂದೇ, ಒಂದೊಂದೇ ಒರೆಸ್ದೆ. ಕೈ ನೋವು ಬಂತು!"

"ನನ್ನ ಮಗ ಗುಂಡುಕಲ್ಲಿನಂಗೆ ಪಕ್ಕದಾಗೇ ನಿಂತಾನೆ, ಇವಳ ಕೊರಳು ಬರಿದು ಮಾಡಿದ್ಯೇನೋ ಪಾಪಿ!" ಸಾವಂತ್ರಕ್ಕ ನಡುಗುತ್ತಿದ್ದಳು. "ಮೊದ್ಲಿದ್ದ ಫೋಟೋ ತೆಗಿ! ಅದನ್ನೇ ಕೊಡು!"

ಮೊದಲಿದ್ದ ಫೋಟೋ ಎಲ್ಲಿಂದ ಬರಬೇಕು? ಗುಡ್ಡಪ್ಪ ಅದರ ಮೇಲೆಯೇ ಒರೆಸಿದ್ದ, ಅದರ ಮೇಲೆಯೇ ಸೇವ್ ಮಾಡಿದ್ದ. ಸೊಸೆ ಶ್ರಾವಣದ ತನಕ ತವರು ಬಿಟ್ಟು ಬರುವ ಹಾಗಿಲ್ಲ. ಸಾವಂತ್ರಕ್ಕ ಕಟ್ಟನ್ನು ನೆಲಕ್ಕೆ ಕುಕ್ಕಿ, ಹಾಲಮ್ಮನ ಏಳು ತಲೆಮಾರನ್ನು ಎಬ್ಬಿಸಿ ಕೂರಿಸಿ ಬೈದು ಹೋದಳು.

ಹಾಲಮ್ಮನ ಮಂಜುಗಣ್ಣಿನಿಂದ ನೀರು ಸುರಿಯಿತು. ಮಗನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು.

"ಕೇಳಲೇ. ಇದೊಂದು ಮಾತು ಸಾಯೋ ತನಕ ನೆನಪಿಟ್ಕೊ. ಒರಿಜಿನಲ್ಲಿಗೆ ಕೈ ಹಚ್ಚಬ್ಯಾಡ! ಮೊದ್ಲು ಕಾಪಿ ಮಾಡ್ಕೊ. ಏನ್ ಮಾಡೋದಿದ್ರೂ ಕಾಪಿ ಮ್ಯಾಲೆ ಮಾಡಿ ನೋಡು. ಕೆಟ್ರೆ ಬಿಸಾಕು, ಇನ್ನೊಂದು ಕಾಪಿ ತಗೊ. ಚೆಂದ ಬಂತು ಅಂದ್ರೆ ಆಮೇಲೆ ಮುಂದಿನ ಮಾತು. ಒಂದೇ ಒಂದು ಇರೋದನ್ನ ಕಾಪಿ ಇಲ್ದೆ ನೀನೂ ಮುಟ್ಟಬ್ಯಾಡ, ಬ್ಯಾರೆಯೋರಿಗೂ ಮುಟ್ಟೋಕೆ ಬಿಡಬ್ಯಾಡ! ತಿಳೀತಾ?"

"ತಿಳೀತವ್ವ. ಇನ್ ಮ್ಯಾಲೆ ಹಂಗೇ ಮಾಡ್ತೀನಿ!"

ಮರುದಿನ ಹಾಲಮ್ಮ ಬೀಗ ಹಾಕಿಬಿಡೋಣ ಅಂತಲೇ ಕೂತಿದ್ದಳು. ಆಪರೇಷನ್ನೂ ಬೇಡ, ಅಂಗಡಿಯೂ ಬೇಡ, ಎರಡೂ ಹೋಗಲಿ ಅನ್ನುವಷ್ಟು ಬೇಸರ. ಆಗ ಕೋಲೂರಿಕೊಂಡು ಹಟ್ಟಿಯ ಬುಳ್ಳಜ್ಜಿ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೆಗೆದಳು. ಸತ್ತುಹೋದ ಗಂಡನದು. ಮದುವೆಯಾದ ಹೊಸದರಲ್ಲಿ ಹರಿಹರದಲ್ಲಿ ತೆಗೆಸಿದ್ದಂತೆ. ಅಂಚನ್ನೆಲ್ಲ ಗೆದ್ದಲು ತಿಂದಿತ್ತು, ಮೂಗಿನ ಮೇಲೆ ಮಡಿಕೆ ಬಿದ್ದು ಸೀಳಿತ್ತು.

"ಇದೊಂದೇ ಐತೆ ಕಣವ್ವ. ಬ್ಯಾರೆ ಇಲ್ಲ. ಮಕ ಮರ್ತೇ ಹೋಗೋ ಹಂಗಾಗೈತೆ. ಸರಿ ಮಾಡಿ ದೊಡ್ಡದು ಮಾಡ್ಕೊಡ್ರಿ."

"ಇವತ್ತು ಬ್ಯಾಡಜ್ಜಿ! ಇವತ್ತು ಬ್ಯಾಡ!" ಹಾಲಮ್ಮ ಗಾಬರಿಯಾಗಿ ಎದ್ದಳು. ಅಷ್ಟರಲ್ಲಿ ಬುಳ್ಳಜ್ಜಿ ಫೋಟೋವನ್ನು ಗುಡ್ಡಪ್ಪನ ಕೈಗೇ ಕೊಟ್ಟುಬಿಟ್ಟಿದ್ದಳು. ಇದೂ ಹಾಳಾದರೆ ಈ ಮುದುಕಿಯ ಶಾಪ ಯಾವ ನೀರಲ್ಲಿ ತೊಳೆದರೂ ಹೋಗದು.

"ಲೇ ಗುಡ್ಡ! ಏನ್ ಮಾಡ್ತಿದೀಯ?"

"ಫೋಟೋ ಹೊಡ್ದು ಕಾಪಿ ಮಾಡ್ಕೊಂಡೆ! ಒರಿಜಿನಲ್ಲನ್ನ ಗೋಡೆ ಗೂಡಿನಾಗೆ ಇಟ್ಟು ತಟ್ಟೆ ಮುಚ್ಚೀನಿ!"

ಟಿಕ್ ಟಿಕ್ ಸದ್ದು. ಹಾಲಮ್ಮ ಕೂತಳು, ಎದ್ದಳು, ಕೂತಳು.

"ಅವ್ವಾ, ಮಡಿಕೆ ಹೋತು, ಅದರ ಜೊತಿಗೆ ಮೂಗೂ ಹೋತು!"

"ಅಯ್ಯೋ ದೇವ್ರೇ!"

"ಬಿಸಾಕ್ದೆ! ಇನ್ನೊಂದು ಕಾಪಿ ತಗೊಂಡೆ!"

ಟಿಕ್ ಟಿಕ್.

"ಅವ್ವಾ, ಈ ಸಲ ಮೂಗು ಎರಡು ಬಂದ್ವು!"

"ಬಿಸಾಕಲೇ!"

"ಬಿಸಾಕ್ದೆ! ಇನ್ನೊಂದು ತಗೊಂಡೆ!"

ಹೀಗೇ ತಗೊಂಡ, ಬಿಸಾಕಿದ, ತಗೊಂಡ, ಬಿಸಾಕಿದ. ಬೇಸರ ಅನ್ನುವುದು ಅವನಿಗೆ ಗೊತ್ತಿದ್ದರೆ ತಾನೆ! ಕೊನೆಗೊಮ್ಮೆ ಟಿಕ್ ಟಿಕ್ ನಿಂತಿತು. ಬುಳ್ಳಜ್ಜಿಯ ಕೋಲು ನೆಲಕ್ಕೆ ಬಿತ್ತು.

"ಅಯ್ ಶಿವನೇ... ನಮ್ಮೋರು! ನೋಡವ್ವ ಹಾಲಮ್ಮ, ನಮ್ಮೋರು ಹಿಂಗೇ ಇದ್ರು! ಹಿಂಗೇ ತುಟಿ ಕಚ್ಚೋರು!" ಅಜ್ಜಿ ಅಳುತ್ತ ಪರದೆಯ ಮೇಲೆ ಕೈ ಆಡಿಸಹೋದಳು.

"ಪರದೆ ಮುಟ್ಟಬ್ಯಾಡಜ್ಜಿ! ನಮ್ಮವ್ವ ಬೈತಾಳೆ!" ಎಂದು ಗುಡ್ಡಪ್ಪ ಅವಳ ಕೈಯನ್ನು ಎತ್ತಿ ಮೌಸಿನ ಮೇಲಿಟ್ಟ.

ಹಾಲಮ್ಮನಿಗೆ ಆ ಮುಖ ಕಾಣಲಿಲ್ಲ. ಕಾಣಬೇಕು ಅನ್ನುವ ಆಸೆ ಮಾತ್ರ ಒತ್ತರಿಸಿಕೊಂಡು ಬಂತು. ಮಗ ಮಾಡಿದ ಮೊದಲ ಫೋಟೋ ನೋಡದೆ ಈ ಕಣ್ಣು ಇದ್ದೇನು ಪ್ರಯೋಜನ! ಹೋಗಿಯೇ ಬರೋಣ ಅಂದಳು. ಅಂಗಡಿ ಉಳಿಯಿತು ಅಂದಳು. ನನ್ನ ಗುಡ್ಡ ದಾರಿಗೆ ಬಂದ ಅಂದಳು.

ಆಪರೇಷನ್ನಿನ ದಿನ ಜೊತೆಗಿರಲಿ ಅಂತ ಹಾಲಮ್ಮನ ತಂಗಿ ಕೊಟ್ರಮ್ಮ ಅಣಬೂರಿನಿಂದ ಬಂದಳು. ಅಕ್ಕ ತಂಗಿ ಇಬ್ಬರದೂ ಒಂದೇ ಅಚ್ಚು. ಅದೇ ಮೂಗು, ಅದೇ ಮೈಕಟ್ಟು, ಕೆಮ್ಮಿದರೂ ಒಂದೇ ದನಿ. ಕೊಟ್ರಮ್ಮನ ಕಣ್ಣು ಮಾತ್ರ ಹದ್ದಿನ ಕಣ್ಣು. ಮೂವರೂ ಬೆಳಗಿನ ಬಸ್ಸಿಗೆ ದಾವಣಗೆರೆ ಸೇರಿದರು.

ಆಸ್ಪತ್ರೆಯಲ್ಲಿ ಹಾಲಮ್ಮನಿಗೆ ಮತ್ತೆ ಅದೇ ತಳಮಳ. ಸಿಸ್ಟರು ಒಂದು ಹಸಿರು ಅಂಗಿ, ಹಸಿರು ಟೋಪಿ ತಂದು ಗಾಲಿಯ ಮಂಚದ ಮೇಲಿಟ್ಟು, "ಮುಖ ತೊಳ್ಕೊಂಡು ಬಂದು ಇದನ್ನ ಹಾಕ್ಕೊಂಡು ಮಲಗಿ, ಡ್ರಾಪ್ಸ್ ಹಾಕಿ ಒಳಗೆ ಕರ್ಕೊಂಡು ಹೋಗ್ತೀವಿ" ಅಂದಳು. ಹಾಲಮ್ಮ ಗೋಡೆ ಹಿಡಿದುಕೊಂಡು ಬಚ್ಚಲಿನ ಕಡೆ ನಡೆದಳು. ಹಿಂದಿನಿಂದ ಮಗನ ದನಿ ಕೇಳುತ್ತಿತ್ತು.

"ಸಿಸ್ಟರ್, ಡಾಕ್ಟ್ರು ನಮ್ಮವ್ವಂಗೆ ಏನ್ ಮಾಡ್ತಾರೆ?"

"ಕಣ್ಣಿನ ಪೊರೆ ತೆಗೀತಾರಪ್ಪ."

"ಕಾಪಿ ಮಾಡ್ಕೊಂಡೀರಾ?"

"ಯಾವ ಕಾಪಿ? ಸುಮ್ನೆ ಕೂತ್ಕೊ."

ಪಾಪ, ಆಧಾರ್ ಕಾರ್ಡಿನ ಕಾಪಿ ಇರಬೇಕು ಅಂದುಕೊಂಡಳು ಹಾಲಮ್ಮ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ನಿಧಾನವಾಗಿ ಮುಖ ತೊಳೆದಳು, ದೇವರನ್ನು ನೆನೆದಳು, ಗೋಡೆ ಸವರುತ್ತ ವಾಪಸು ಬಂದಳು. ಕೈಗೆ ಮಂಚ ಸಿಕ್ಕಲಿಲ್ಲ. ಮಂಚವೇ ಇರಲಿಲ್ಲ!

"ಲೇ ಗುಡ್ಡ, ನನ್ನ ಮಂಚ ಎಲ್ಲಿ? ಕೊಟ್ರವ್ವ ಎಲ್ಲಿ?"

"ಬಾರವ್ವ, ಈ ಬೆಂಚಿನ ಮ್ಯಾಲೆ ಕುಂತ್ಕೊ. ನಿಂದು ಆಮೇಲೆ." ಗುಡ್ಡಪ್ಪ ಅವ್ವನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಥೇಟ್ ಹಾಲಮ್ಮನದೇ ದನಿಯಲ್ಲಿ ಒಂದು ಕೂಗು ಎದ್ದಿತು. "ಸೂಜಿ ಯಾಕ್ರೀ? ನನಗ್ಯಾಕ್ರೀ ಸೂಜಿ? ಮಂಚ ಖಾಲಿ ಐತೆ, ಒಂದ್ಗಳಿಗೆ ಅಡ್ಡಾಗು ಚಿಕ್ಕವ್ವ, ಇಲ್ಲಿ ಮಲಗೋರು ಈ ಅಂಗಿ ಹಾಕ್ಕೋಬೇಕಂತೆ ಅಂದ ಗುಡ್ಡ, ಹಾಕ್ಕೊಂಡೆ! ಕಣ್ಣಿಗೆ ಔಷಧಿ ಹಾಕಿದ್ರು, ಪುಕ್ಕಟೆ ತಪಾಸಣೆ ಅಂತ ಸುಮ್ನಿದ್ದೆ! ಬಿಡ್ರಿ ನನ್ನ!"

ಬಾಗಿಲು ದಡಾರನೆ ತೆರೆಯಿತು. ಮುಖಕ್ಕೆ ಬಟ್ಟೆ ಕಟ್ಟಿದ ಡಾಕ್ಟರು, ಅವರ ಹಿಂದೆ ಬೆಪ್ಪಾದ ಸಿಸ್ಟರು, ಅವಳ ಹಿಂದೆ ಹಸಿರು ಅಂಗಿಯ ಕೊಟ್ರಮ್ಮ, ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಚಪ್ಪಲಿ ತಡಕುತ್ತ.

"ಯಾರ್ರೀ ಹಾಲಮ್ಮ? ಈಯಮ್ಮನ ಕಣ್ಣಲ್ಲಿ ಪೊರೆಯೇ ಇಲ್ಲವಲ್ಲ!" ಅಂದರು ಡಾಕ್ಟರು.

ಗುಡ್ಡಪ್ಪ ಎದ್ದು ನಿಂತ. ಎರಡೂ ಕೈ ಜೋಡಿಸಿದ.

"ಅದು ಕಾಪಿ ಸಾರ್. ಮೊದ್ಲು ಅದರ ಮ್ಯಾಲೆ ಮಾಡಿ ನೋಡ್ರಿ. ಚೆಂದ ಬಂದ್ರೆ ಆಮೇಲೆ ಇದಕ್ಕೆ ಕೈ ಹಚ್ಚಿ. ಇದು ಒರಿಜಿನಲ್ಲು." ಅವ್ವನ ಕಡೆ ನೋಡಿದ. "ನನಗೆ ಇರೋದು ಇದೊಂದೇ ಸಾರ್."

ಹಾಲಮ್ಮ ಬೈಯಲು ಬಾಯಿ ತೆರೆದಳು. ಪ್ರತಿ ಸಲ ಬೈದ ಹಾಗೆ ಬೈಯಬೇಕು, ಬೈದ ಮೇಲೆ ಒಂದು ಬುದ್ಧಿಮಾತು ಹೇಳಬೇಕು. ಈ ಸಲ ಎರಡನ್ನೂ ಬಿಟ್ಟಳು. ಮಗನ ಜೋಡಿಸಿದ ಕೈಗಳನ್ನು ತಡವಿ ಗಟ್ಟಿಯಾಗಿ ಹಿಡಿದುಕೊಂಡಳು.

ಡಾಕ್ಟರಿಗೆ ಸ್ವಲ್ಪ ತಮಾಷೆ ಹೊಳೆಯಿತು. "ಅಲ್ಲಯ್ಯ, ಕಾಪಿ ಕೆಟ್ಟು ಹೋಗಿದ್ದರೆ ಏನು ಮಾಡ್ತಿದ್ದೆ?"

"ಅದಕ್ಯಾಕ್ ಚಿಂತಿ ಸಾರ್?" ಅಂದ ಗುಡ್ಡಪ್ಪ. "ಅಣಬೂರಿನಾಗೆ ಇನ್ನೂ ಒಬ್ಬಳು ಚಿಕ್ಕವ್ವ ಇದಾಳೆ!"